ಮೇಲ್ದಿಬ್ಬದ ಮೊದಲ ಗೋರಿ

ಗೋಡೆ ಮೂರನೇ ಸಲ ಕುಸಿದಾಗ ಜಾಪಾರ್ ಮೊಣಕಾಲುದ್ದ ಮರಳಲ್ಲಿ ಹೂತುಹೋದ. ಗುಂಡಿಯೊಳಗಿಂದಲೇ ಗುದ್ದಲಿಯನ್ನು ಮೇಲಕ್ಕೆಸೆದ.

"ಆಗಲ್ಲ ಹಿರೀಕರೇ. ಹೆಣ ಮಲಗ್ಸೋಕೆ ಪಕ್ಕದಲ್ಲಿ ಗೂಡು ಕೊರೀಬೇಕಲ್ಲ, ಜೇಡಿಮಣ್ಣಿದ್ರೆ ತಾನೇ ಅದು ನಿಲ್ಲೋದು? ಇದು ಬರೀ ಮರಳು."

"ಇನ್ನೂ ಆಳಕ್ಕೆ ಹೋಗು," ಎಂದ ಒಮುರ್ಜಾಕ್. "ಎರಡು ಮೊಳಕ್ಕೇ ಜೇಡಿ ಅಂತ ಕಾಗದದಲ್ಲಿದೆ."

"ನಾನು ನಾಲ್ಕು ಮೊಳದಲ್ಲಿ ನಿಂತಿದೀನಿ. ಆ ಕಾಗದಾನೇ ಕೆಳಗಿಳಿಸಿ, ಅದೇ ತೋಡ್ಲಿ!"

ಯಾರೋ ನಕ್ಕು, ತಟ್ಟನೆ ಬಾಯಿ ಮುಚ್ಚಿಕೊಂಡರು. ಕೆಳಗೆ ಊರಿನ ಉಣ್ಣೆಗುಡಾರದಿಂದ ಹೆಂಗಸರ ಅಳುಹಾಡು ಕೇಳುತ್ತಿತ್ತು.

ಒಮುರ್ಜಾಕ್ ಗುಂಡಿಯೊಳಗೆ ಬಗ್ಗಿ ನೋಡಿದ. ಹಳೆಯ ಖಬರಸ್ತಾನ ತುಂಬಿದ್ದರಿಂದ ಈ ದಿಬ್ಬದಲ್ಲಿ ಅವನ ಅಕ್ಕ ಊಲ್ಕಾನ್‌ಳದೇ ಮೊದಲ ಗೋರಿ. ನೂರು ಹೆಜ್ಜೆ ಆಚೆ ಗಣಿಯವರ ಹೊಸ ಹೊಂಡ. ಚಿನ್ನ ತೊಳೆದ ವಿಷದ ನೀರು ನಾಳೆ ಬೆಳಿಗ್ಗೆ ಅದಕ್ಕೆ ಬೀಳಲಿತ್ತು. ದಿಬ್ಬದಡಿ ಎಲ್ಲೆಡೆ ಜೇಡಿಯಿದೆ, ಹನಿಯೂ ಇಳಿಯದು ಎಂಬ ಕಾಗದಕ್ಕೆ ಊರ ಪರವಾಗಿ ರುಜು ಹಾಕಿದವನು ಅವನೇ. ದಿಬ್ಬದ ಕೆಳಗೆ ಊರಿನ ಹನ್ನೊಂದು ಬಾವಿಗಳು.

*

ನಲವತ್ತು ವರ್ಷ ಊಲ್ಕಾನ್ ಆ ಬಾವಿಗಳನ್ನು ಅಳೆದಿದ್ದಳು. ಹಗ್ಗದ ತುದಿಯ ತಗಡಿನ ಬಟ್ಟಲು ನೀರು ಮುಟ್ಟಿ 'ಡಬ್' ಎಂದೊಡನೆ ಗಂಟು ಎಣಿಸಿ ಬರೆದುಕೊಳ್ಳುವಳು. ಊರಿಗೆಲ್ಲ ಅವಳು 'ಡಬ್ ಅಕ್ಕ'.

ಹೋದ ವಸಂತದಲ್ಲಿ ಶಾವಿಗೆಗೆ ಹಿಟ್ಟು ಲಟ್ಟಿಸುತ್ತ ತಮ್ಮನನ್ನು ಕೇಳಿದ್ದಳು: "ಗಣಿಯೋರು ದಿಬ್ಬದಲ್ಲಿ ಎಷ್ಟು ಕಡೆ ತೂತು ಕೊರೆದ್ರೋ?"

"ಒಂದೇ ಕಡೆ. ಜೇಡಿ ಬಂತು, ನಾನೇ ನೋಡ್ದೆ."

ಅವಳು ಹಿಟ್ಟಿನ ಹಾಳೆಯನ್ನು ಬೆಳಕಿಗೆ ಹಿಡಿದಳು. ನಡುವೆ ಹರಿದಿತ್ತು. "ಇಲ್ಲಿ ಚುಚ್ಚಿದ್ರೆ ಹಿಟ್ಟು. ಇಲ್ಲಿ ಚುಚ್ಚಿದ್ರೆ? ನೆಲದೊಳಗಿನ ಜೇಡಿನೂ ಹೀಗೇ ಕಣೋ. ದಿಬ್ಬದ ಹಿಮ ಕರಗಿದ ಮೂರೇ ದಿನಕ್ಕೆ ನನ್ನ ಬಾವಿಗಳು ಏರ್ತವೆ. ಅಡಿಯೆಲ್ಲ ಜೇಡಿಯಾದ್ರೆ ಹ್ಯಾಗೆ ಏರ್ತಿದ್ವು?"

ಸಭೆಯಲ್ಲಿ ಅವಳು ಇದನ್ನೇ ಹೇಳಿದಾಗ, "ಅಕ್ಕನಿಗೆ ಅರಳುಮರಳು, ಬಾವಿ ಜೊತೆ ಮಾತಾಡ್ತಾಳೆ" ಎಂದು ಎಲ್ಲರನ್ನೂ ನಗಿಸಿದವನೂ ಅವನೇ.

*

ಕೊನೆಗೆ ಕತ್ತೆಗಾಡಿಯಲ್ಲಿ ಪಕ್ಕದ ಹಳ್ಳಿಯಿಂದ ಜೇಡಿಯ ಹಸಿ ಇಟ್ಟಿಗೆ ತರಿಸಿದರು. ಜಾಪಾರ್ ಗೂಡು ಕಟ್ಟಿದ. ಹೆಣ ಬಂತು, ನಮಾಜ್ ಮುಗಿಯಿತು.

ಗಣಿಯ ಇಂಜಿನಿಯರ್ ಮರಾತ್ ಒಮುರ್ಜಾಕ್‌ನ ಪಕ್ಕಕ್ಕೆ ಬಂದು ಪಿಸುಗುಟ್ಟಿದ. "ಒಂದು ಕಡೆ ಮರಳು ಸಿಕ್ತು ಅಂತ ಗಾಬರಿಯಾಗ್ಬೇಡಿ ಹಿರೀಕರೇ."

"ಒಂದು ಕಡೆ ಜೇಡಿ ಸಿಕ್ತು ಅಂತ ತಾನೇ ರುಜು ಹಾಕ್ಸಿದ್ದು ನೀವು?"

ಇಮಾಮ್ ರೂಢಿಯಂತೆ ಕೇಳಿದರು: "ಊಲ್ಕಾನ್ ಎಂಥವಳಾಗಿದ್ದಳು?"

ಒಳ್ಳೆಯವಳು ಎಂದು ಮೊದಲು ತಮ್ಮ ಹೇಳಬೇಕು, ಆಮೇಲೆ ಊರು. ಎಲ್ಲರೂ ಒಮುರ್ಜಾಕ್‌ನ ಬಾಯಿ ನೋಡಿದರು. ಅವನು ಕೈ ತೊಳೆಯಲು ಇಟ್ಟಿದ್ದ ಹೂಜಿ ಎತ್ತಿಕೊಂಡ. ಗುಂಡಿಯ ಕಾಲ್ದೆಸೆಯಲ್ಲಿ, ಬರಿಯ ಮರಳಿನ ಮೇಲೆ, ಕೊನೆಯ ಹನಿಯವರೆಗೂ ಸುರಿದ. ನೀರು ನಿಲ್ಲಲಿಲ್ಲ, ಹರಿಯಲೂ ಇಲ್ಲ. ಮರಳು ಕಪ್ಪಾಯಿತು, ಅಷ್ಟೆ.

"ಎಂಥವಳಪ್ಪಾ?" ಇಮಾಮ್ ಮತ್ತೆ ಕೇಳಿದರು.

"ನಿಜ ಹೇಳಿದವಳು. ಸುಳ್ಳಿಗೆ ರುಜು ಹಾಕ್ದೋನು ನಾನು."

ಯಾರೂ ನಗಲಿಲ್ಲ. ಮಣ್ಣು ಮುಚ್ಚಿಯಾದ ಮೇಲೆ ಗುದ್ದಲಿಗಳು ಊರ ಕಡೆ ಇಳಿಯಲಿಲ್ಲ. ಬೆಳಗಾಗುವ ಮೊದಲೇ ಮುಚ್ಚಿಬಿಡಲು ಒಂದರ ಹಿಂದೊಂದು ಹೊಂಡದ ಕಡೆ ತಿರುಗಿದವು. ಎಲ್ಲಕ್ಕೂ ಮುಂದೆ ಖಾಲಿ ಹೂಜಿ ಹಿಡಿದ ಒಮುರ್ಜಾಕ್.