ಎರಡು ಹೆಸರಿನ ಲೋಟ

ನಾನೊಂದು ಸ್ಟೀಲ್ ಲೋಟ. ಮೊದಲು ಬರೀ ತಗಡಾಗಿದ್ದೆ. ಯಂತ್ರದ ಗುದ್ದು ತಿಂದ ಮೇಲೆ ಲೋಟವಾದೆ. ಪಾಲಿಶ್ ಮಾಡುವವನು ಉಜ್ಜಿ ಕೆಳಗಿಟ್ಟಾಗ ಅವನ ಮೀಸೆ ನನ್ನಲ್ಲಿ ಕಂಡಿತು. ಅಂದಿನಿಂದ ನನಗೆ ಸ್ವಲ್ಪ ಜಂಬ. ಇದ್ದ ಕೊರತೆ ಒಂದೇ, ನನ್ನ ಬಾಯಿ ಅಳತೆ ಮೀರಿ ಅಗಲ.

ದಾವಣಗೆರೆಯ ಪಾತ್ರೆ ಅಂಗಡಿಯಲ್ಲಿ ನನ್ನನ್ನು ಮದುವೆ ಉಡುಗೊರೆಗೆಂದು ಕೊಂಡರು. ಕೊಟ್ಟವರ ಹೆಸರು ಊರಿಗೆಲ್ಲ ಕಾಣಬೇಕಲ್ಲ, ಅಂಗಡಿಯವನು ಟರ್ರೆಂದು ಸೂಜಿ ಓಡಿಸಿ ನನ್ನ ಹೊಟ್ಟೆಯ ಮೇಲೆ ‘ಸೋದರಮಾವ ನಿಂಗಪ್ಪನವರಿಂದ’ ಎಂದು ಕೆತ್ತಿದ. ಕಚಗುಳಿಯಾಯಿತು. ಮದುವಣಗಿತ್ತಿ ಮಾತ್ರ, “ಇದೇನು, ಲೋಟಾನೋ ಬೋಗುಣಿನೋ” ಎಂದು ಮೂಗು ಮುರಿದು ಅಟ್ಟಕ್ಕೆ ಹಾಕಿದಳು. ವರ್ಷಗಟ್ಟಲೆ ಜೇಡಕ್ಕೆ ಮನೆಯಾಗಿ ಬಿದ್ದಿದ್ದೆ. ಕೊನೆಗೆ ಮನೆ ಬದಲಿಸುವಾಗ ಹಳೇ ಪಾತ್ರೆಗಳ ಜೊತೆ ನನ್ನನ್ನೂ ಚೀಲಕ್ಕೆ ತುಂಬಿ ಊರಾಚೆಯ ವೃದ್ಧಾಶ್ರಮಕ್ಕೆ ಕೊಟ್ಟಳು. ಪೀಡೆ ತೊಲಗಿತು ಅಂದುಕೊಂಡಿರಬೇಕು. ನನಗೋ ಆಗಲೇ ಬಾಳು ಶುರುವಾಗಿದ್ದು.

ಅಲ್ಲಿ ನನ್ನ ಹೆಸರೇ ಸೋದರಮಾವ. “ಆ ಸೋದರಮಾವನ್ನ ಇತ್ಲಾಗ್ ಕೊಡ್ರೇ” ಎಂದು ಹಾಲಮ್ಮಜ್ಜಿ ಕೂಗಿದರೆ ಊಟದ ಮನೆಯೆಲ್ಲ ನಗುತ್ತಿತ್ತು.

ಒಂದು ದಿನ ತಿಪ್ಪೇಸ್ವಾಮಿ ಬಂದರು. ಜೀವಮಾನವೆಲ್ಲ ಬಸ್ ಓಡಿಸಿದವರು. ಪಾರ್ಶ್ವವಾಯು ಬಡಿದು ಬಲಗೈ ಸೋತಿತ್ತು, ನಾಲಿಗೆ ತೊದಲುತ್ತಿತ್ತು. ಬಂದವರೇ ಎಡಗೈಯಲ್ಲಿ ಒಂದು ಲೋಟ ಮೇಲೆತ್ತಿ, ತಲೆ ಹಿಂದಕ್ಕೆ ವಾಲಿಸಿ, ಬಾಯಿಗೆ ನೀರು ಸುರಿದುಕೊಂಡರು. ನೀರು ನೆತ್ತಿಗೇರಿತು. ಕೆಮ್ಮಿ ಕೆಮ್ಮಿ ಮುಖ ಕಪ್ಪಿಟ್ಟಿತು. ನರ್ಸ್ ಓಬಮ್ಮ ಓಡಿ ಬಂದು, ಮುಂದಕ್ಕೆ ಬಾಗಿಸಿ ಬೆನ್ನು ತಟ್ಟಿದ ಮೇಲೆ ಉಸಿರು ಬಂತು.

“ಇನ್ಮೇಲೆ ಎತ್ತಿ ಕುಡೀಬಾರ್ದು ಯಜಮಾನ್ರೇ. ಗದ್ದ ಎದೆ ಕಡೆ ಬಾಗ್ಸಿ, ಲೋಟಕ್ಕೆ ತುಟಿ ಇಟ್ಟು ಕಚ್ಚಿ ಕುಡೀಬೇಕು. ಇಲ್ಲಾಂದ್ರೆ ಉಸಿರಿಗೇ ಸಂಚಕಾರ” ಎಂದಳು.

ನೀರು ಗಂಟಲಲ್ಲಿ ಬೇಗ ಜಾರುತ್ತದೆಂದು ಗಟ್ಟಿಯಾಗಿ ರಾಗಿ ಅಂಬಲಿ ಮಾಡಿಸಿದಳು. ತಿಪ್ಪೇಸ್ವಾಮಿ ಜಪ್ಪಯ್ಯ ಎಂದರೂ ಬಾಯಿ ತೆರೆಯಲಿಲ್ಲ. ಗಿಂಡಿ ಬಂತು, ಚಮಚ ಬಂತು, ಬಂದ ದಾರಿಗೆ ಸುಂಕವಿಲ್ಲದೆ ಹೋದವು. ಮರುದಿನವೂ ಅದೇ ಹಠ. ಒಣಗಿದ ತುಟಿ ನೋಡಿ ಡಾಕ್ಟರು, ನಾಳೆ ಬೆಳಿಗ್ಗೆಯೊಳಗೆ ಕುಡಿಯದಿದ್ದರೆ ಆಸ್ಪತ್ರೆಗೆ ಸೇರಿಸಿ ಮೂಗಿಗೆ ನಳಿಗೆ ಹಾಕಬೇಕಾಗುತ್ತದೆ ಎಂದರು. ಪಾಪ, ಬದುಕುವ ಆಸೆಯನ್ನೇ ಬಿಟ್ಟಿದ್ದಾರೆ ಎಂದು ಉಳಿದವರು ಮಾತಾಡಿಕೊಂಡರು.

ಓಬಮ್ಮನಿಗೆ ಅದು ಒಪ್ಪಿಗೆಯಾಗಲಿಲ್ಲ. ಅವಳು ಅವರ ಕಣ್ಣನ್ನೇ ಗಮನಿಸಿದಳು. ಅದು ಪಾತ್ರೆ ತೊಳೆಯುವ ಕಡೆ ನೆಟ್ಟಿತ್ತು. ಅಲ್ಲಿ ಎಲ್ಲರ ಲೋಟವೂ ಒಂದೇ ಬುಟ್ಟಿಗೆ. ಇವತ್ತು ಒಬ್ಬರು ಕುಡಿದದ್ದರಲ್ಲಿ ನಾಳೆ ಇನ್ನೊಬ್ಬರು.

“ಬೇರೆಯವ್ರ ಎಂಜ್ಲು ಅಂತ ಹೇಸಿಗೇನಾ?” ಎಂದು ಮೆಲ್ಲಗೆ ಕೇಳಿದಳು.

ತಲೆ ಅಡ್ಡಡ್ಡ ಆಡಿತು. ಓಬಮ್ಮ ಅವಸರಪಡಿಸದೆ ಪಕ್ಕದಲ್ಲೇ ಕೂತಳು.

“ನಂದು... ನನ್ನ ಎಂಜ್ಲು, ಬ್ಯಾರೇರಿಗೆ ಯಾಕವ್ವ?”

ಬಸ್ಸಿನಲ್ಲಿ ಡ್ರೈವರಿಗೂ ಕಂಡಕ್ಟರಿಗೂ ಒಂದೇ ಬಾಟಲಿಯಂತೆ. ತುಟಿ ತಾಗಿಸದೆ ಕುಡಿಯುವುದೇ ಇಬ್ಬರ ನಡುವಿನ ಮರ್ಯಾದೆ. ಈಗ ಬಾಯಂಚಿನಿಂದ ಜೊಲ್ಲು ಬೇರೆ ಇಳಿಯುತ್ತಿತ್ತು. ಮನುಷ್ಯ ನಾಚಿಕೊಂಡು ಕುಡಿಯುವುದನ್ನೇ ಬಿಟ್ಟಿದ್ದರು.

ಓಬಮ್ಮ ಸೀದಾ ಎದ್ದು ಬಂದು ಕಪಾಟಿನಿಂದ ನನ್ನನ್ನು ಎತ್ತಿಕೊಂಡಳು. “ನೋಡ್ರಿ, ಎಷ್ಟು ಅಗಲ ಬಾಯಿ. ತಲೆ ಎತ್ತೋದೇ ಬ್ಯಾಡ, ಮೂಗೂ ತಾಗಲ್ಲ. ಇವತ್ತಿಂದ ಇದು ನಿಮ್ದೇ, ಬ್ಯಾರೆ ಯಾರೂ ಮುಟ್ಟಲ್ಲ.”

ನನ್ನ ಬಾಯನ್ನು ಹೊಗಳಿದವರಲ್ಲಿ ಅವಳೇ ಮೊದಲಿಗಳು. ನಾನು ಉಬ್ಬಿಹೋದೆ. ಆದರೆ ತಿಪ್ಪೇಸ್ವಾಮಿ ನನ್ನನ್ನು ತಿರುಗಿಸಿ ಅಕ್ಷರ ಕೂಡಿಸಿ ಓದಿದರು. “ನಿಂಗಪ್ಪಂದು” ಎಂದು ದೂರ ತಳ್ಳಿದರು. ಇನ್ನೊಬ್ಬರ ಹೆಸರಿನ ಲೋಟವನ್ನು ಕಚ್ಚುವುದುಂಟೇ? ಈ ಸೋದರಮಾವ ಯಾವ ಜನ್ಮದ ಶನಿಯೋ ಎಂದು ನನಗೆ ಅಳುವೇ ಬಂತು.

ಓಬಮ್ಮ ಮಧ್ಯಾಹ್ನದ ಊಟ ಬಿಟ್ಟು ನನ್ನನ್ನು ಸ್ಕೂಟರಿನ ಡಿಕ್ಕಿಗೆ ಹಾಕಿಕೊಂಡು ಪೇಟೆಯ ಪಾತ್ರೆ ಅಂಗಡಿಗೆ ಹೋದಳು.

“ಯಾರ ಮದ್ವೆ ಸಿಸ್ಟರ್?” ಎಂದು ಅಂಗಡಿಯವನು ಕೇಳಿದ.

“ಮದ್ವೆ ಅಲ್ಲಪ್ಪ, ಒಬ್ರು ಅಂಬ್ಲಿ ಕುಡೀಬೇಕು. ದಪ್ಪ ಅಕ್ಷರದಾಗೆ ಬರಿ.”

ಸಂಜೆ ತಿಪ್ಪೇಸ್ವಾಮಿ ಹೊಸ ಕೆತ್ತನೆಯ ಮೇಲೆ ಹೆಬ್ಬೆರಳು ಆಡಿಸಿದರು. ಸೋದರಮಾವನ ಹೆಸರಿಗಿಂತ ದಪ್ಪಗೆ ‘ತಿಪ್ಪೇಸ್ವಾಮಿ, ಡ್ರೈವರ್’ ಎಂದಿತ್ತು. ಗದ್ದ ಬಾಗಿತು. ತುಟಿ ನನ್ನ ಅಂಚಿಗೆ ತಾಗಿತು. ಒಂದು ಗುಟುಕು ಇಳಿಯಿತು, ಕೆಮ್ಮು ಬರಲಿಲ್ಲ. ಇನ್ನೊಂದು ಇಳಿಯಿತು.

“ಗಾಡಿ ಸ್ಟಾರ್ಟ್ ಆತು ಬಿಡ್ರಿ” ಎಂದರು ಹಾಲಮ್ಮಜ್ಜಿ. ತಿಪ್ಪೇಸ್ವಾಮಿ ಸೊಟ್ಟ ಬಾಯಲ್ಲೇ ನಕ್ಕರು. ಆಸ್ಪತ್ರೆಯ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ.

ಆ ಬಳಿಕ ಆಶ್ರಮದಲ್ಲಿ ಎಲ್ಲರಿಗೂ ಹೆಸರಿನ ಲೋಟ ಬಂತು. ತಿಪ್ಪೇಸ್ವಾಮಿಯ ಗಂಟಲೂ ಮೆಲ್ಲಮೆಲ್ಲಗೆ ಚೇತರಿಸಿ ಮಜ್ಜಿಗೆಯವರೆಗೆ ಬಂತು. ನಾನು ಮಾತ್ರ ಮುದುಕನಾದೆ. ಹೊಳಪು ಹೋಗಿದೆ, ಬುಡ ನೆಗ್ಗಿ ಇಟ್ಟಲ್ಲಿ ತುಸು ವಾಲುತ್ತೇನೆ. ಅವರ ಮಂಚದ ಪಕ್ಕದ ಗೂಡೇ ನನ್ನ ಜಾಗ. ಇಲ್ಲಿ ಜೇಡ ಸುಳಿಯುವುದಿಲ್ಲ, ಸುಖವಾಗಿದ್ದೇನೆ.

ಮೊನ್ನೆ ಯುಗಾದಿ. ಎಲ್ಲರಿಗೂ ಹೋಳಿಗೆ ತಿನ್ನಿಸುತ್ತ ಓಡಾಡಿದ ಓಬಮ್ಮ ಸುಸ್ತಾಗಿ ಮಂಚದ ತುದಿಗೆ ಕೂತಳು. ತಿಪ್ಪೇಸ್ವಾಮಿ ನನ್ನನ್ನೇ ಅವಳ ಮುಂದೆ ಹಿಡಿದರು. “ಮಜ್ಗಿ ಕುಡಿಯವ್ವ.”

ದಣಿದವಳಿಗೆ ಮೈಮೇಲೆ ಎಚ್ಚರವೆಲ್ಲಿ? ಗಟಗಟನೆ ಕಚ್ಚಿ ಕುಡಿದೇಬಿಟ್ಟಳು. ಅರ್ಧವಾದ ಮೇಲೆ ಹೊಳೆಯಿತು. “ಅಯ್ಯೋ ಯಜಮಾನ್ರೇ, ಎಂಜ್ಲು ಮಾಡಿಬಿಟ್ನಲ್ಲ. ತೊಳ್ಕಂಡ್ ಬರ್ತೀನಿ, ಇರ್ರಿ” ಎಂದು ಎದ್ದಳು.

ತಿಪ್ಪೇಸ್ವಾಮಿ ಎಡಗೈ ಚಾಚಿ ನನ್ನನ್ನು ಬಿಗಿಯಾಗಿ ಹಿಡಿದರು. “ಮಗಳದ್ದು ಎಂಜ್ಲೇನವ್ವ? ತಾ ಇಲ್ಲಿ.”

ಗದ್ದ ಬಾಗಿಸಿ, ಅವಳು ಹೇಳಿಕೊಟ್ಟ ಹಾಗೆಯೇ ಗುಟುಕು ಗುಟುಕಾಗಿ, ಉಳಿದರ್ಧ ಮಜ್ಜಿಗೆಯನ್ನು ಕುಡಿದು ಮುಗಿಸಿದರು. ನಡುವೆ ಯಾರೂ ನನ್ನನ್ನು ತೊಳೆಯಲಿಲ್ಲ.