ಒಂದೇ ಕೋಣೆಯ ಮಾತು

ಹಳದಿ, ಅಲ್ಲ, ಹಳದಿಯೂ ಅಲ್ಲ, ಸಾಸಿವೆ ಬಣ್ಣ, ಗೂಡ್ಸು ಡಬ್ಬಿಯ ಮೈಮೇಲೆ ಯಾರೋ ಕದ್ದು ಬಳಿದುಹೋದ ದಪ್ಪ ದಪ್ಪ ಅಕ್ಷರಗಳು, ಓದಲು ಬರುವುದಿಲ್ಲ, ಓದಲೆಂದು ಬರೆದಂತೆಯೂ ಇಲ್ಲ, ಆಗಲಿಂದ ಟೆಸ್ ಅದನ್ನೇ ನೋಡುತ್ತ ಕೂತಿದ್ದಾಳೆ, ನೋಡುವುದಕ್ಕೆ ಬೇರೇನಿದೆ, ಗೂಡ್ಸು ಗಾಡಿ ಊರಿಗೆ ಅಡ್ಡವಾಗಿ ನಿಂತುಬಿಟ್ಟಿದೆ, ಬಲಕ್ಕೆ ಕಾಳಿನ ಉಗ್ರಾಣದವರೆಗೂ ಡಬ್ಬಿ, ಎಡಕ್ಕೆ ಕಣ್ಣು ಹರಿಯುವವರೆಗೂ ಡಬ್ಬಿ, ಗೇಟಿನ ಕೆಂಪು ದೀಪ ಮಿಟುಕುತ್ತಿದೆ, ಗಂಟೆಯ ಸದ್ದು ಕಿವಿಗೆ ರೂಢಿಯಾಗಿ ಕೇಳಿಸದಂತಾಗಿದೆ, ಹಿಂದೆ ಒಂದು ಪಿಕಪ್ ಟ್ರಕ್ಕು ಬಾಲಕ್ಕೆ ಅಂಟಿಕೊಂಡಂತೆ ನಿಂತಿದೆ, ಅದರ ಹಿಂದೆ ಇನ್ನಷ್ಟು, ಮುಂದಕ್ಕೂ ಇಲ್ಲ ಹಿಂದಕ್ಕೂ ಇಲ್ಲ — ನೆಬ್ರಾಸ್ಕಾದ ಜನವರಿ, ಕಾರಿನ ಹೀಟರು ಪಾದ ಸುಡುತ್ತದೆ, ಮೂಗನ್ನು ಮಾತ್ರ ಮಂಜುಗಡ್ಡೆಯಾಗಿಯೇ ಬಿಡುತ್ತದೆ. ಪಕ್ಕದಲ್ಲಿ ಬ್ರಿನ್ ಸ್ಟೀರಿಂಗಿನ ಮೇಲೆ ಬೆರಳಿನಿಂದ ತಾಳ ಹಾಕುತ್ತಿದ್ದಾಳೆ, ತನ್ನದೇ ಮೂಗು, ತನ್ನದೇ ಗಲ್ಲ, ಹಣೆಯ ಮೇಲೆ ತನ್ನದೇ ಸುಳಿ, ಒಂದೇ ಹೊಟ್ಟೆಯಲ್ಲಿ ಒಟ್ಟಿಗೆ ಮಡಚಿಕೊಂಡು ಮಲಗಿದ್ದವಳು. ಥೂ, ಇವತ್ತೂ ತಡ ಆಯ್ತು, ಅಜ್ಜಿಯರೆಲ್ಲ ಊಟದ ಕೋಣೆ ಮುಂದೆ ಗಾಲಿಕುರ್ಚಿ ಸಾಲು ಹಚ್ಕೊಂಡು ನನ್ನೇ ಕಾಯ್ತಿರ್ತಾರೆ ಕಣೇ. ಹಳಿಯ ಆಚೆಗಿರುವ ವೃದ್ಧಾಶ್ರಮದಲ್ಲಿ ಬ್ರಿನ್‌ಗೆ ಸಂಜೆಯ ಕೆಲಸ. ಅಲ್ಲಿ ಅವಳನ್ನು ಬಿಟ್ಟು ಟೆಸ್ ಕಾರು ಮನೆಗೆ ಒಯ್ಯಬೇಕು, ಒಯ್ದು ಐದರೊಳಗೆ ಏನೋ ಒಂದು ನಿರ್ಧಾರ ಮಾಡಬೇಕು, ಐದು ಗಂಟೆಗೆ ಗಡುವು ಮುಗಿಯುತ್ತದೆ, ಕೋಟಿನ ಜೇಬಿನಲ್ಲಿ ಫೋನು ಬೆಚ್ಚಗೆ ಕೂತಿದೆ, ಅದರೊಳಗೆ ಅರ್ಜಿ, ಪ್ರಬಂಧ ಬರೆದು ವಾರಗಳಾದವು, ತಿದ್ದಿದ್ದೂ ಆಯಿತು, ಇನ್ನು ಕೆಳಗಿನ ನೀಲಿ ಪಟ್ಟಿಯನ್ನು ಒತ್ತುವುದೊಂದೇ ಬಾಕಿ, ಅಷ್ಟೇ, ಒಂದು ಹೆಬ್ಬೆಟ್ಟಿನ ಕೆಲಸ.

ಇಬ್ಬರಿಗೂ ಯೂನಿವರ್ಸಿಟಿಯಲ್ಲಿ ಸೀಟು ಸಿಕ್ಕಿತ್ತು, ಒಂದೇ ದಿನ, ಅಮ್ಮ ಅಡುಗೆಮನೆಯಲ್ಲಿ ಕುಣಿದಿದ್ದಳು, ಅದರ ಮರುವಾರ ಟೆಸ್‌ಗೆ ಮಾತ್ರ ಇನ್ನೊಂದು ಸುದ್ದಿ, ನೀವು ಆನರ್ಸ್ ಕಾಲೇಜಿಗೆ ಅರ್ಜಿ ಹಾಕಬಹುದು — ದೊಡ್ಡ ಯೂನಿವರ್ಸಿಟಿಯ ಹೊಟ್ಟೆಯೊಳಗೊಂದು ಚಿಕ್ಕ ಕಾಲೇಜು, ಆಯ್ದವರಿಗೆ. ಶಾಲೆಯ ಸಲಹೆಗಾರ್ತಿ ಮಿಸೆಸ್ ಓಲ್ಸನ್ ಕನ್ನಡಕ ಏರಿಸಿಕೊಂಡು ಹೇಳಿದ್ದೇ ಹೇಳಿದ್ದು, ನೋಡು ಟೆಸ್, ಅಲ್ಲಿ ಕ್ಲಾಸಲ್ಲಿ ಬೆರಳೆಣಿಕೆ ಜನ, ಕೋರ್ಸು ಎಲ್ಲರಿಗಿಂತ ಮೊದಲು ನೀನೇ ಆರಿಸ್ಕೋಬಹುದು, ಪ್ರೊಫೆಸರ್ ಜತೆ ಕೂತು ನಿಂದೇ ಒಂದು ಸಂಶೋಧನೆ, ಹಳೇ ಇಟ್ಟಿಗೆ ಕಟ್ಟಡ, ಅದರಲ್ಲೇ ಲೈಬ್ರರಿ, ಅಲ್ಲೇ ಹಾಸ್ಟೆಲ್ಲು, ಮೊದಲನೇ ವರ್ಷ ಎಲ್ಲರೂ ಅಲ್ಲೇ ಇರ್ಬೇಕು — ಎಲ್ಲರೂ ಅಲ್ಲೇ ಇರಬೇಕು, ಆ ಒಂದು ಮಾತಿನಲ್ಲೇ ಟೆಸ್ ಸಿಕ್ಕಿಕೊಂಡಿದ್ದಳು, ಯಾಕೆಂದರೆ ಆರನೇ ಕ್ಲಾಸಿನಿಂದ ಬ್ರಿನ್ ಜತೆ ಆಗಿದ್ದ ಮಾತು, ಎಲ್ಲೇ ಹೋಗಲಿ ಒಂದೇ ಕೋಣೆ, ಕಿಟಕಿ ಕಡೆಯ ಮಂಚ ನಿಂದು, ಬಾಗಿಲ ಕಡೆಯದು ನಂದು, ಅಮ್ಮ ಆಗಲೇ ಎರಡು ನೀಲಿ ಹೊದಿಕೆ ತಂದಿಟ್ಟಿದ್ದಾಳೆ, ನೀವಿಬ್ರು ನೀವಿಬ್ರು ಎನ್ನದೆ ಅಮ್ಮನಿಗೆ ವಾಕ್ಯವೇ ಶುರುವಾಗುವುದಿಲ್ಲ. ಹಾಗಾದರೆ ಅದೇನು ಅಷ್ಟು ದೊಡ್ಡದೇ, ಆ ಕಾಲೇಜು, ಎರಡು ವರ್ಷ ಅಲ್ಲೇ ಓದಿ ಬಿಟ್ಟುಬಂದ ಚಿಕ್ಕಮ್ಮನ ಮಗಳು ಗ್ರೆಟಾ ಕ್ರಿಸ್ಮಸ್ ದಿನ ಕೊಲಾಚಿ ಬನ್ನಿನೊಳಗಿನ ಗಸಗಸೆ ನೆಕ್ಕುತ್ತ ನಕ್ಕಿದ್ದಳು, ಡಿಗ್ರಿ ಮೇಲೆ ಒಂದು ಚಿನ್ನದ ಸ್ಟಿಕ್ಕರು ಅಷ್ಟೇ ಮಾರಾಯ್ತಿ, ಕೆಲಸ ಕೊಡೋನು ಯಾವೋನೂ ಅದನ್ನ ಕೇಳಲ್ಲ, ಓದು ಡಬಲ್ಲು, ಮಾರ್ಕ್ಸು ಒಂದ್ಚೂರು ಇಳೀತು ಅಂದ್ರೆ ಕತ್ತು ಹಿಡಿದು ಆಚೆಗೆ — ಅಂದವಳೇ ಆಮೇಲೆ ಪಾತ್ರೆ ತೊಳೆಯುವಾಗ, ನಲ್ಲಿಯ ನೀರಿಗೆ ಹೇಳುವವಳಂತೆ, ಆದ್ರೆ ಒಂದು, ಅಲ್ಲಿ ನಾನು ಏನಾದ್ರೂ ಕೇಳಿದ್ರೆ ಯಾರೂ ನಗ್ತಿರ್ಲಿಲ್ಲ. ಗ್ರೆಟಾ ಯಾಕೆ ಆ ಮಾತನ್ನು ಆಡಬೇಕಿತ್ತು, ಆಡದಿದ್ದರೆ ಈ ಅರ್ಜಿ ಎಂದೋ ಅಳಿಸಿಹೋಗುತ್ತಿತ್ತು. ಚರಿತ್ರೆಯ ತರಗತಿಯಲ್ಲಿ ಟೆಸ್ ಕೈಯೆತ್ತಿದ ದಿನ, ನಮ್ಮೂರ ನದಿಗೆ ಫ್ರೆಂಚರು ಬಂದು ಹೆಸರಿಡೋಕೆ ಮುಂಚೆ ಏನಂತಿದ್ರು ಸರ್, ಅದು ಪರೀಕ್ಷೆಗೆ ಬರಲ್ಲಮ್ಮ, ಇಡೀ ತರಗತಿ ಗೊಳ್ಳೆಂದಿತ್ತು, ಆ ನಗುವಿನಲ್ಲಿ ಒಂದು ನಗು ಬ್ರಿನ್‌ಳದು, ಅದು ಬೇರೆಯಾಗಿ ಕೇಳಿತು, ನೂರು ನಗುವಿನಲ್ಲೂ ಅದು ಬೇರೆಯಾಗಿಯೇ ಕೇಳುತ್ತದೆ, ಅದೇ ಬ್ರಿನ್ ಸಂಜೆ ಮನೆಯಲ್ಲಿ ಫೋನಿನೊಳಗೆ ತಲೆ ಹುದುಗಿಸಿ ಹುಡುಕಿ, ಆ ನದಿಗೆ ಇಲ್ಲಿನ ಮೂಲ ಜನ ಚಪ್ಪಟೆ ನೀರು ಅಂತಿದ್ರಂತೆ ಕಣೇ, ತಗೋ, ಈಗ ನಿದ್ದೆ ಬರುತ್ತಾ? — ಹೀಗಿರುವವಳನ್ನು ಬಿಟ್ಟು ಹೋಗುವುದು ಹೇಗೆ, ಬಿಟ್ಟು ಹೋಗದಿರುವುದು ಹೇಗೆ.

ಪಿಕಪ್‌ನವನು ಹಾರನ್ ಒತ್ತಿದ, ಹಾರನ್ನಿಗೆ ಗಾಡಿ ಹೊರಡುತ್ತದೆಯೇ, ಬ್ರಿನ್ ಕನ್ನಡಿಯಲ್ಲಿ ಅವನಿಗೆ ನಾಲಿಗೆ ಚಾಚಿದಳು, ಇಬ್ಬರೂ ನಕ್ಕರು, ಆ ನಗುವಿನ ಸಂದಿನಲ್ಲೇ ಟೆಸ್‌ಳ ಬಾಯಿಂದ ಜಾರಿಬಿಟ್ಟಿತು, ಬ್ರಿನ್, ನಿಂಗೊಂದು ವಿಷ್ಯ ಹೇಳ್ಬೇಕು, ಬೆರಳಿನ ತಾಳ ನಿಂತಿತು. ಆನರ್ಸ್ ತಾನೇ? ನಿಂಗ್ಹೇಗೆ ಗೊತ್ತು? ಓಲ್ಸನ್ ನಮ್ಮಮ್ಮಂಗೆ ಫೋನ್ ಮಾಡಿದ್ಲಲ್ಲ, ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೂ ಮುಂಚೆ, ಅಮ್ಮ ಮೂರು ದಿನ ಸುಮ್ನಿದ್ದೋಳು ಹಬ್ಬದ ಟರ್ಕಿ ಕೋಳಿ ಕೊಯ್ತಾ ಬಾಯಿ ಬಿಟ್ಲು, ಇವತ್ತು ಹೇಳ್ತಾಳೆ ನಾಳೆ ಹೇಳ್ತಾಳೆ ಅಂತ ಕಾದೆ ಕಾದೆ, ನಿನ್ನೆ ಮರೀಸಾಗೆ ಹೂಂ ಅಂದ್ಬಿಟ್ಟೆ. ಯಾವುದಕ್ಕೆ ಹೂಂ? ಕೋಣೆಗೆ. ಕೋಣೆಗೆ — ಮರೀಸಾ, ಬಾಸ್ಕೆಟ್‌ಬಾಲ್ ಆಡುವ, ಬಾಯ್ತುಂಬ ಚೂಯಿಂಗ್ ಗಮ್ ಅಗಿಯುವ ಮರೀಸಾ, ಕಿಟಕಿ ಕಡೆಯ ಮಂಚದ ಮೇಲೆ, ಆ ನೀಲಿ ಹೊದಿಕೆಯೊಳಗೆ. ನಾನಿನ್ನೂ ಅರ್ಜಿನೇ ಹಾಕಿಲ್ಲ ಕಣೇ, ಹಾಕ್ತೀನೋ ಇಲ್ವೋ ಅದೂ ಗೊತ್ತಿಲ್ಲ! ಹಾಕ್ಬೇಡ ಹಾಗಾದ್ರೆ, ಬ್ರಿನ್ ಗೇಟಿನ ದೀಪವನ್ನೇ ನೋಡುತ್ತ ಹೇಳಿದಳು, ನಿನ್ನಿಷ್ಟ, ಆದ್ರೆ ನನ್ನ ಹೆಸರು ಹೇಳ್ಕೊಂಡು ಬಿಡ್ಬೇಡ, ಆಮೇಲೆ ಜೀವಮಾನ ಪೂರ್ತಿ ಒಂದು ತ್ಯಾಗದ ಮುಖ ಹೊತ್ಕೊಂಡು ಓಡಾಡ್ತೀಯ, ಅದನ್ನ ದಿನಾ ನೋಡ್ಬೇಕಾದೋಳು ನಾನು. ಅಂದವಳೇ ಬೆಲ್ಟು ಬಿಚ್ಚಿದಳು, ಬಾಗಿಲು ತೆರೆದಳು, ಚಳಿ ಒಳಗೆ ನುಗ್ಗಿತು, ಎಲ್ಲಿಗೇ? ಕೆಲಸಕ್ಕೆ. ಬ್ರಿನ್, ಹುಚ್ಚು ಹಿಡೀತಾ, ಗಾಡಿ ಹೊರಟುಬಿಟ್ರೆ! ಪಿಕಪ್‌ನವನೂ ಗಾಜು ಇಳಿಸಿ ಕೂಗುತ್ತಿದ್ದಾನೆ, ಏ ಹುಡುಗಿ, ಹತ್ಬೇಡ ಹತ್ಬೇಡ, ಸಾಯ್ತೀಯಾ, ಅವಳು ಕೇಳುವ ಪೈಕಿಯೇ, ಗೇಟು ನುಸುಳಿ ಎರಡು ಡಬ್ಬಿಗಳ ನಡುವಿನ ಕೊಂಡಿಯ ಮೇಲೆ ಕಾಲಿಟ್ಟಳು, ಒಂದು ಕೈ ಕಂಬಿಗೆ, ಬೆನ್ನು ಕಂಡಿತು, ಬೆನ್ನೂ ಕಾಣದಾಯಿತು.

ಆಮೇಲೆ ಡಬ್ಬಿಯ ಕೆಳಗೆ, ಗಾಲಿಗಳ ನಡುವಿನ ಬೆಳಕಿನಲ್ಲಿ, ಬ್ರಿನ್‌ಳ ಕೆಂಪು ಬೂಟುಗಳು ಹಿಮದ ಮೇಲೆ ಧೊಪ್ಪೆಂದು ಇಳಿದವು. ಬದುಕಿದಳು, ಇಳಿದಳು, ಇನ್ನು ನಡೆಯುತ್ತಾಳೆ, ಅಜ್ಜಿಯರು ಕಾಯುತ್ತಿದ್ದಾರೆ, ನಡೆಯಲಿ — ಬೂಟುಗಳು ನಡೆಯಲಿಲ್ಲ. ಟೆಸ್ ಚಾಲಕಿಯ ಸೀಟಿಗೆ ಸರಿದಳು, ಬ್ರಿನ್ ಬಿಟ್ಟುಹೋದ ಬಿಸಿ ಇನ್ನೂ ಅಲ್ಲಿತ್ತು, ಫೋನು ಕೈಯಲ್ಲಿದೆ, ಯಾವಾಗ ತೆಗೆದಳೋ, ನೀಲಿ ಪಟ್ಟಿ ಹೊಳೆಯುತ್ತಿದೆ, ಈಗ ಹೇಳು, ಇಷ್ಟು ದಿನ ಬ್ರಿನ್‌ಗೋಸ್ಕರ ಅಂದುಕೊಂಡೆಯಲ್ಲ, ಆ ನೆವ ಕೊಂಡಿ ದಾಟಿ ಆಚೆ ಹೋಯಿತು, ಇನ್ನು ಉಳಿದಿರುವುದು ನೀನು, ನಿನ್ನ ಪುಕ್ಕಲುತನ, ಅಲ್ಲಿ ಎಲ್ಲರೂ ಜಾಣರಿದ್ದು ನೀನೊಬ್ಬಳು ಸಾಧಾರಣಳಾದರೆ, ಅಲ್ಲಿಯೂ ನಕ್ಕರೆ, ಆ ನಗುವಿನಲ್ಲಿ ಗುರುತಿನ ನಗು ಒಂದೂ ಇಲ್ಲದಿದ್ದರೆ — ಒತ್ತಿದಳು. ಒತ್ತಿಯೇಬಿಟ್ಟಳು. ಪಟ್ಟಿ ಬೂದು ಬಣ್ಣಕ್ಕೆ ತಿರುಗಿ, ನಿಮ್ಮ ಅರ್ಜಿ ತಲುಪಿದೆ ಎಂದಿತು, ಅಷ್ಟೇ, ಎದೆ ಹಗುರಾಗಲಿಲ್ಲ, ಏನೂ ಆಗಲಿಲ್ಲ, ಮೊದಲು ಯಾರಿಗೆ ಹೇಳುವುದು, ಏನೇ ಆದರೂ ಮೊದಲು ಹೇಳುವುದು ಅವಳಿಗೇ, ಟೆಸ್ ಗಾಜು ಇಳಿಸಿದಳು, ಬ್ರಿನ್, ಕೂಗು ಮುಗಿಯುವ ಮೊದಲೇ ಉಗ್ರಾಣದ ಕಡೆಯಿಂದ ಕಬ್ಬಿಣ ಕಬ್ಬಿಣಕ್ಕೆ ಬಡಿಯುತ್ತ ಬಂತು, ಡಬ್ಬಿಯಿಂದ ಡಬ್ಬಿಗೆ, ಎದುರಿನದು ಕಿರುಗುಟ್ಟಿ ಅಲುಗಿತು, ಗಾಡಿ ಹೊರಟಿತು, ಗಾಲಿ ಅಡ್ಡ ಬಂತು, ಗಾಲಿ ಸರಿಯಿತು, ಬೂಟುಗಳು ಅಲ್ಲೇ ಇದ್ದವು, ಮತ್ತೆ ಗಾಲಿ, ಮತ್ತೆ ಬೂಟು, ಅವುಗಳ ಮೂತಿ ಈ ಕಡೆಗೋ ಆ ಕಡೆಗೋ ನೋಡುವಷ್ಟರಲ್ಲಿ ಗಾಲಿ, ಸರಿದರೆ ಬೂಟು, ಹಿಮದ ಮೇಲೆ ಕೆಂಪಗೆ, ಈ ಕಡೆಗೋ, ಗಾಲಿ, ಬೂಟು, ಆ ಕಡೆಗೋ, ಗಾಲಿ, ಬೂಟು, ಬೂಟು —