ಸಹಿಗೆ ಉಳಿದ ಹಾಳೆ

ಬೆರಳಚ್ಚುಗಾರ ಕಡತವನ್ನು ಎದೆಗವಚಿಕೊಂಡು ಮೆಟ್ಟಿಲಿಳಿದು ಓಡಿ ಬರುವಷ್ಟರಲ್ಲಿ ನ್ಯಾಯಾಧೀಶರ ಕಾರು ಗೇಟು ದಾಟಿಹೋಗಿತ್ತು. ಇನ್ನು ಮೂರು ದಿನ ಅವರಿಗೆ ರಜೆ. ಅವರು ಹೇಳಿ ಬರೆಸಿದ್ದಕ್ಕೆ ಬೇರೆಯವರು ಸಹಿ ಹಾಕುವಂತಿಲ್ಲ.

ಸಹಿಯಾಗದೆ ಉಳಿದದ್ದು ನಾಲ್ಕೇ ಹಾಳೆ. ಕೊನೆಯದು ಅವನ ಹೆಂಡತಿಯ ತಮ್ಮನ ಜಾಮೀನು. 'ಆರೋಪಿಯನ್ನು ತಕ್ಷಣವೇ ಬಿಡುಗಡೆ ಮಾಡತಕ್ಕದ್ದು' ಎಂದು ಬೆಳಿಗ್ಗೆ ತುಂಬಿದ ಕೋರ್ಟಿನಲ್ಲಿ ನ್ಯಾಯಾಧೀಶರು ಹೇಳಿ ಬರೆಸಿದ್ದರು. ಅತ್ತೆ ಆಸ್ಪತ್ರೆಯಲ್ಲಿ ಇಂದೋ ನಾಳೆಯೋ ಎನ್ನುವಂತಿದ್ದರು. ಮಗನ ಮುಖ ನೋಡಬೇಕೆಂಬುದೊಂದೇ ಅವರ ಹಂಬಲ. ಈ ನಂಟು ಕಚೇರಿಯಲ್ಲಿ ಯಾರಿಗೂ ತಿಳಿಯದು. ನಾಳೆ ತಿಳಿದವರು ಬೆರಳು ತೋರಿಸಬಾರದೆಂದು ಆ ಹಾಳೆಯನ್ನು ಅವನೇ ಕಟ್ಟಿನ ತಳಕ್ಕೆ ಸೇರಿಸಿದ್ದ. ಇಪ್ಪತ್ತೆರಡು ವರ್ಷದ ನೌಕರಿ ಕಲಿಸಿದ ಜಾಣತನ! ಸಾಹೇಬರು ಮೇಲಿನಿಂದ ಸಹಿ ಹಾಕುತ್ತಾ ಬಂದು, ರೈಲಿಗೆ ಹೊತ್ತಾಯಿತೆಂದು ಪೆನ್ನು ಮುಚ್ಚಿದ್ದರು. ಇನ್ನೊಂದು ಸಹಿ ಎಂದು ಕೇಳಲು ಆ ಗಳಿಗೆಯಲ್ಲಿ ಅವನಿಗೆ ಬಾಯಿ ಬರಲಿಲ್ಲ.

ಆಟೊ ಹಿಡಿದು ಜೈಲಿಗೆ ಹೋದ. ಹುಚ್ಚು ಧೈರ್ಯ ಅಷ್ಟೇ. ಗೇಟಿನ ಕಾವಲುಗಾರ ಹಾಳೆಯನ್ನು ಪೂರ್ತಿ ಓದಿ, ಹಿಂದೆ ತಿರುಗಿಸಿಯೂ ನೋಡಿದ.

"ಸ್ವಾಮಿ, ಸಹಿ ಎಲ್ಲಿ? ಮೊಹರೆಲ್ಲಿ?"

"ಜಡ್ಜ್ ಸಾಹೇಬ್ರು ಬಾಯಲ್ಲೇ ಹೇಳಿದಾರಪ್ಪ. ಇಡೀ ಕೋರ್ಟು ಕೇಳಿಸ್ಕೊಂಡಿದೆ."

"ಹೇಳಿರ್ಬೋದು. ನೀವೇ ಕೋರ್ಟಲ್ಲಿ ಕೆಲಸ ಮಾಡೋರು. ನನ್ನ ಜಾಗದಲ್ಲಿ ನೀವಿದ್ರೆ ಇದನ್ನ ಆದೇಶ ಅಂತೀರಾ?"

ಇದೇ ಮಾತು ಹೇಳಿ ಅವನು ಎಷ್ಟು ಜನರನ್ನು ವಾಪಸು ಕಳಿಸಿದ್ದನೋ! ಕಾವಲುಗಾರನ ಕಾಲು ಹಿಡಿಯಲೂ ಸಿದ್ಧನಿದ್ದ. ಹಿಡಿದರೂ ಹಾಳೆಗೆ ಜೀವ ಬರುವುದಿಲ್ಲವೆಂದು ಅವನಿಗಿಂತ ಚೆನ್ನಾಗಿ ಬಲ್ಲವರು ಅಲ್ಲಿರಲಿಲ್ಲ.

"ಅನ್ನಲ್ಲ" ಎಂದ.

ಅಷ್ಟರಲ್ಲಿ ಹೆಂಡತಿಯ ಫೋನು.

"ರೀ, ಬಿಟ್ರಾ ಅವನನ್ನ? ಅಮ್ಮ ಕಣ್ಣು ಬಿಟ್ಟಿದಾಳೆ. ಹೊರಟ್ನಾ, ಹೊರಟ್ನಾ ಅಂತ ಒಂದೇ ಸಮ ಕೇಳ್ತಿದಾಳೆ. ಏನ್ ಹೇಳ್ಲಿ?"

ಮಾಡಿದ್ದನ್ನೆಲ್ಲ ಹೇಳಿಬಿಡಬೇಕೆನಿಸಿತು.

"ಹೊರಟ ಅನ್ನು."

ಹೆಂಡತಿ ಅದನ್ನೇ ಆ ಕಡೆ ಜೋರಾಗಿ ಹೇಳಿದಳು. ಆಮೇಲೆ ಅತ್ತೆಯ ದನಿ ಬಂತು. ಸೋತಿದ್ದರೂ ಗದರುವ ದನಿ.

"ಹಸ್ಕೊಂಡು ಬರ್ಬಾರ್ದು ಅನ್ನು. ದಾರೀಲಿ ಊಟ ಮಾಡ್ಕೊಂಡೇ ಬರ್ಬೇಕು. ನಾನು ಹೇಳಿದೀನಿ ಅಂತ ಹೇಳು."

"ಕೇಳಿಸ್ತಾ ರೀ? ಅವನಿಗೆ ಹೇಳಿ."

"ಹ್ಞೂಂ, ಹೇಳ್ತೀನಿ" ಎಂದು ಅವನು ಮುಚ್ಚಿದ ಗೇಟಿನ ಮುಂದೆ ನಿಂತೇ ಇದ್ದ.